ಗುಂಡುಕಲ್ಲು ಇಳಿಸಿದ ವೈನಿ

ತುಂಬಿದ ಕೊಡ ಎತ್ತುವಾಗ ಯಾರ ಮುಖವಾದರೂ ಬಿಗಿಯುತ್ತದೆ. ನಮ್ಮ ವೈನಿ ಎತ್ತುವಾಗ ನಗುತ್ತ ಮಾತಾಡುತ್ತಲೇ ಇರುತ್ತಿದ್ದರು. ಕೆಳಗಿಡುವಾಗ ಮಾತ್ರ ಮಾತು ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದರು. ಮೊಣಕಾಲು ಮಡಚಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಕೊಡವನ್ನು ನೆಲಕ್ಕೆ ಮುಟ್ಟಿಸುತ್ತಿದ್ದರು. ಒಂದು ಹನಿ ಚೆಲ್ಲುತ್ತಿರಲಿಲ್ಲ. ಆಮೇಲೆ ಕಣ್ಣು ತೆರೆದು, ಬಿಟ್ಟ ಮಾತನ್ನು ಅಲ್ಲಿಂದಲೇ ಹಿಡಿಯುತ್ತಿದ್ದರು.

ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಕಬ್ಬು ಕಡಿಯುವುದು ಮುಗಿಯಲಿ ಎಂದೆ, ಮೊಮ್ಮಗಳ ಮದುವೆಯಾಗಲಿ ಎಂದೆ, ಕಣ್ಣಿನ ಆಪರೇಶನ್ ಆಗಲಿ ಎಂದೆ. ಎಲ್ಲವೂ ಆದವು. ಈಗ ಅಕ್ಷರಗಳು ಚೆನ್ನಾಗಿ ಕಾಣುತ್ತವೆ, ನೆಪಗಳು ಮುಗಿದಿವೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹುಕ್ಕೇರಿಯಿಂದ ನಮ್ಮ ನಾಗನೂರಿಗೆ ಸೊಸೆಯಾಗಿ ಬಂದಾಗ ನಾನು ಮೂಡಲಗಿಯ ಹೈಸ್ಕೂಲಿಗೆ ಹೋಗುತ್ತಿದ್ದೆ. ನಮ್ಮವ್ವ ಆಗಲೇ ತೀರಿದ್ದಳು. ನನಗೆ ಓದಿಗಿಂತ ತಾಲೀಮಿನ ಹುಚ್ಚು ಹೆಚ್ಚು. ಬೆಳಗಾದರೆ ಕೆಂಪು ಮಣ್ಣಿನಲ್ಲಿ ಹೊರಳಿ, ದಂಡ ಬೈಠಕ್ ಹೊಡೆದು, ಹಸಿದ ತೋಳನಂತೆ ಮನೆಗೆ ಬರುತ್ತಿದ್ದೆ. ಅಪ್ಪ ಬೈಯುತ್ತಿದ್ದ. ವೈನಿ ಬಾಗಿಲ ಹಿಂದೆ ನಿಂತು ಕೈಸನ್ನೆ ಮಾಡಿ ಕರೆದು, ಗಡಿಗೆಯ ಮರೆಯಲ್ಲಿಟ್ಟಿದ್ದ ಹಾಲಿನ ತಂಬಿಗೆಯನ್ನು ಕೈಗೆ ಕೊಡುತ್ತಿದ್ದರು. ಅದು ಅವರ ಪಾಲಿನ ಹಾಲು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕುಡಿಯುತ್ತಿದ್ದೆ.

"ನೀವು ಕುಡದ್ರೇನ್ರಿ ವೈನಿ?" ಎಂದು ಕಾಟಾಚಾರಕ್ಕೆ ಕೇಳಿದರೆ, "ಪೈಲ್ವಾನ ಆಗಾವ ನೀನೋ ನಾನೋ? ಕುಡಿ ಸುಮ್ನ" ಎನ್ನುತ್ತಿದ್ದರು.

ಅಂದಿನಿಂದ ಕೊನೆಯವರೆಗೂ ನನ್ನನ್ನು ಕರೆದದ್ದು ಪೈಲ್ವಾನ ಎಂದೇ. ಊರಿನವರಿಗೆ ನಾನು ವಸ್ತಾದನಾದೆ, ಹುಡುಗರಿಗೆ ಕುಸ್ತಿ ಕಲಿಸುವ ಗುರುವಾದೆ. ವೈನಿಗೆ ಮಾತ್ರ ಹಾಲು ಕುಡಿಯುವ ಪೈಲ್ವಾನನಾಗಿಯೇ ಉಳಿದೆ.

ನಮ್ಮ ಕಡೆ ಹನುಮಪ್ಪನ ಗುಡಿಯ ಮುಂದೆ ಗುಂಡುಕಲ್ಲುಗಳು ಬಿದ್ದಿರುತ್ತವೆ. ಉರುಟಾದ, ಹಿಡಿಯಲು ಸಂದಿಲ್ಲದ ಕಲ್ಲುಗಳು. ಹುಡುಗರ ಗುಂಡು ಸಣ್ಣದು, ಆಮೇಲೆ ಒಂದಕ್ಕಿಂತ ಒಂದು ದೊಡ್ಡದು. ಕಲ್ಲು ಮುಟ್ಟಿ ಹಣೆಗೆ ಒತ್ತಿಕೊಂಡು, ಮೊಣಕಾಲಿಗೆ, ತೊಡೆಗೆ, ಎದೆಗೆ ತಂದು, ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಅದು ಪದ್ಧತಿ. ಧಡ್ ಎಂದು ನೆಲ ಅದುರಿದರೆ ಜನ ಸೀಟಿ ಹೊಡೆಯುತ್ತಾರೆ. ಗುಂಡನ್ನು ಯಾರೂ ಇಳಿಸಿ ಇಡುವುದಿಲ್ಲ. ಎತ್ತುವುದಷ್ಟೇ ನಮ್ಮ ವಿದ್ಯೆ. ಇಳಿಸುವುದೂ ಒಂದು ಬಲ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅದನ್ನು ಬಲ್ಲವರು ನಮ್ಮದೇ ಅಡಿಗೆಮನೆಯಲ್ಲಿ ದಿನವೂ ಕೊಡ ಇಳಿಸುತ್ತಿದ್ದರು, ಕಣ್ಣೆದುರಿಗಿದ್ದರೂ ನಾನು ಗಮನಿಸಿರಲಿಲ್ಲ.

ಅಣ್ಣ ತೀರಿದ ಮೇಲೆ ವೈನಿಯ ಮೈನೋವು ಎದ್ದು ಕಾಣತೊಡಗಿತು. ಮೊದಲೂ ಇತ್ತಂತೆ, ಹೇಳಿರಲಿಲ್ಲವಂತೆ. ಹೆಗಲು, ಸೊಂಟ, ತೊಡೆ, ಬೆರಳು, ಒಂದು ಜಾಗವೆಂದಿಲ್ಲ. ರಾತ್ರಿ ಮಲಗಿದರೂ ಬೆಳಿಗ್ಗೆ ನಿದ್ದೆಗೆಟ್ಟವರಂತೆ ಏಳುತ್ತಿದ್ದರು. "ಗಾಣದಾಗ ಹಾಕಿ ತಗದ ಕಬ್ಬ ನೋಡಿಯೇನು? ಹಂಗ ಆಗೇನಿ" ಎನ್ನುತ್ತಿದ್ದರು. ಎಲ್ಲಿ ನೋಯುತ್ತದೆ ಎಂದು ಕೇಳಿದರೆ, "ಎಲ್ಲಿ ನೋಯಂಗಿಲ್ಲ ಅಂತ ಕೇಳೋ, ಲಗೂನ ಹೇಳತೇನಿ" ಎಂದು ನಗುತ್ತಿದ್ದರು. ತೀರ ಕೆಟ್ಟ ದಿನ ಒಂದೇ ಮಾತು: "ಇವತ್ತ ಸೆರಗೂ ಭಾರ ಆಗೇತಿ."

ರೊಟ್ಟಿ ಬಡಿಯುವ ಸಪ್ಪಳದಿಂದಲೇ ಅವರ ದಿನ ಹೇಗಿದೆಯೆಂದು ಮನೆಯವರಿಗೆಲ್ಲ ತಿಳಿಯುತ್ತಿತ್ತು. ಒಳ್ಳೆಯ ದಿನ ಅದಕ್ಕೊಂದು ಲಯವಿರುತ್ತಿತ್ತು. ಕೆಟ್ಟ ದಿನ ನಾಲ್ಕು ಬಡಿತ ಕೇಳಿ ನಿಲ್ಲುತ್ತಿತ್ತು. ನಾವು ಹೊರಗೆ ಕೂತು ಐದನೆಯದಕ್ಕೆ ಕಾಯುತ್ತಿದ್ದೆವು. ಯಾರೂ ಒಳಗೆ ಎದ್ದು ಹೋಗುತ್ತಿರಲಿಲ್ಲ.

ಮೂಡಲಗಿಯಲ್ಲಿ ತೋರಿಸಿದೆವು. ರಕ್ತ ನೋಡಿದರು, ಎಕ್ಸ್‌ರೇ ತೆಗೆದರು, ಏನೂ ಇಲ್ಲ ಎಂದರು. ಏನೂ ಇಲ್ಲ ಎಂದ ಮೇಲೆ ಮನೆಯಲ್ಲಿ ಮಾತು ಶುರುವಾಯಿತು. "ಏನೂ ಇಲ್ಲದ್ದಕ್ಕ ಇಷ್ಟ ನರಳಾಟ ಏನ?" ಎಂದು ನನ್ನ ಹೆಂಡತಿ ನೆರೆಯವರ ಮುಂದೆ ಹೇಳುವುದು ನನ್ನ ಕಿವಿಗೂ ಬಿತ್ತು. ನಾನು ತಡೆಯಲಿಲ್ಲ.

ಕೊನೆಗೆ ಗೋಕಾಕದಲ್ಲಿ ಒಬ್ಬ ಡಾಕ್ಟರಬಾಯಿ ಆ ನೋವಿಗೆ ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯಾ. ನನ್ನ ಮಗಳ ವಯಸ್ಸಿನವರು. ವೈನಿಯ ಮೈಯನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿ ನೋಡಿ, ನನ್ನ ಕಡೆ ತಿರುಗಿ, "ಕಾಕಾ, ಇವರ ನೋವು ಖರೇನ ಐತಿ. ಎಕ್ಸ್‌ರೇದಾಗ ಕಾಣಂಗಿಲ್ಲ, ರಕ್ತದಾಗ ಕಾಣಂಗಿಲ್ಲ, ಅಷ್ಟ" ಎಂದರು. ವೈನಿ ಅಲ್ಲಿಯೇ ಕುರ್ಚಿಯ ಮೇಲೆ ಕೂತು ಅತ್ತರು. ನೋವಿಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ, ತಮ್ಮನ್ನು ನಂಬಿದ್ದಕ್ಕೆ ಅತ್ತರು.

ಗುಳಿಗೆ ಬರೆದುಕೊಟ್ಟು, ಅದರ ಜೊತೆಗೆ ಮೈ ಗಟ್ಟಿ ಮಾಡುವ ವ್ಯಾಯಾಮ ಮಾಡಬೇಕು, ಸಣ್ಣ ಭಾರ ಎತ್ತಿ ಇಳಿಸಬೇಕು ಎಂದರು. ಆಗ ವೈನಿ ಕಣ್ಣೊರೆಸಿಕೊಂಡು ಹೆಮ್ಮೆಯಿಂದ, "ನಮ್ಮ ಮೈದುನ ವಸ್ತಾದ ಅದಾನ್ರಿ, ತಾಲೀಮ ಕಲಸ್ತಾನ" ಎಂದರು.

"ಹಂಗಾದ್ರ ವಸ್ತಾದರಿಗೇ ಹೇಳತೇನಿ" ಎಂದು ಡಾಕ್ಟರಬಾಯಿ ನಕ್ಕರು. "ನಿಮ್ಮ ತಾಲೀಮಿನ ಕಾಯ್ದೆ ಒಂದೀಟ ಬಾಜೂಕಿಡ್ರಿ ಕಾಕಾ. ಭಾರ ಸಾವಕಾಶ ಹೆಚ್ಚಿಸ್ರಿ. ಇಳಿಸೂದು ಇನ್ನೂ ಸಾವಕಾಶ. ಮೈ ಹಗುರ ಆದ ದಿನ ಹುರುಪ ಬಂದು ಹೆಚ್ಚಿಗಿ ಮಾಡಿಸಬ್ಯಾಡ್ರಿ. ಕೆಟ್ಟ ದಿನಾ ಅವರ ಸುಮ್ಮನ ಕೂಡ್ತಾರ. ಚಲೋ ದಿನಾನ ಹುಷಾರ ಇರಬೇಕು."

ತಲೆಯಾಡಿಸಿದೆ. ಒಳಗೆ ನಗು ಬಂದಿತ್ತು. ನಾನು ಕಲಿತದ್ದು ಇದಕ್ಕೆ ಪೂರ್ತಿ ಉಲ್ಟಾ. ಮೈ ನೊಂದರೆ ಮರುದಿನ ಎರಡರಷ್ಟು ಹೊಡೆ, ನೋವು ಹೆದರಿ ಓಡುತ್ತದೆ. ಮೈ ಹಗುರವಾದರೆ ಆ ದಿನವನ್ನು ಬಿಡಬೇಡ. ಎಷ್ಟು ಹುಡುಗರಿಗೆ ಇದನ್ನೇ ಹೇಳಿ ಬೆಳೆಸಿದ್ದೆ.

ತಾಲೀಮಿನ ಮಣ್ಣಿಗೆ ಹೆಂಗಸರು ಕಾಲಿಡುವುದಿಲ್ಲ. ಹಾಗಾಗಿ ಹಿತ್ತಲಿನ ನುಗ್ಗೆಗಿಡದ ಕೆಳಗೆ ವೈನಿಯ ತಾಲೀಮು ಶುರುವಾಯಿತು. ಹಳೆಯ ಸೀರೆಯಲ್ಲಿ ಎರಡು ಸಣ್ಣ ಚೀಲ ಹೊಲಿದು ಜೋಳ ತುಂಬಿದರು. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಹೆಗಲಮಟ್ಟ ಎತ್ತಿ, ಕಣ್ಣು ಮುಚ್ಚಿ ಇಳಿಸುತ್ತಿದ್ದರು. ಕಟ್ಟೆಯ ಮೇಲೆ ಕೂತು ಏಳುತ್ತಿದ್ದರು. ಗೋಡೆಗೆ ಕೈಕೊಟ್ಟು ನೂಕುತ್ತಿದ್ದರು. "ಗ್ವಾಡಿ ಬಿದ್ದೀತ್ರಿ ವೈನಿ!" ಎಂದು ನಾನು ಚೇಷ್ಟೆ ಮಾಡಿದರೆ, "ಬಿದ್ರ ನೀ ಅದಿಯಲ್ಲ, ಎತ್ತಿ ನಿಲ್ಲಸು" ಎನ್ನುತ್ತಿದ್ದರು.

ಭಾರ ಹೆಚ್ಚಿಸುವ ರೀತಿ ಅವರದೇ. ಕೆಲವು ವಾರ ಮೈ ಸುಮ್ಮನಿದ್ದರೆ ಚೀಲದ ಹೊಲಿಗೆ ಬಿಚ್ಚಿ ಒಂದು ಹಿಡಿ ಜೋಳ ಸೇರಿಸಿ ಮತ್ತೆ ಹೊಲಿಯುತ್ತಿದ್ದರು. ನೋವು ಏರಿದರೆ ಒಂದು ಹಿಡಿ ತೆಗೆದು ಗುಬ್ಬಿಗಳಿಗೆ ಚೆಲ್ಲುತ್ತಿದ್ದರು. ತೆಗೆಯುವಾಗ ಅವರಿಗೆ ನಾಚಿಕೆಯಿರಲಿಲ್ಲ. ನನಗೆ ಇತ್ತು. "ಒಮ್ಮೆ ಏರಿಸಿದ್ದ ಇಳಿಸಬಾರದ್ರಿ" ಎಂದರೆ, "ಗುಬ್ಬಿಗೂ ಪೈಲ್ವಾನ ಆಗೂ ಆಸೆ ಇರತೈತೋ" ಎನ್ನುತ್ತಿದ್ದರು.

ಆ ಬೇಸಿಗೆ ದಾಟುವ ಹೊತ್ತಿಗೆ ರೊಟ್ಟಿಯ ಲಯ ಮರಳಿ ಬಂತು. ವೈನಿ ತಮ್ಮ ಹೆರಳು ತಾವೇ ಹಾಕಿಕೊಂಡರು, ಕೈ ಮೇಲೆತ್ತಲು ಆಗದೆ ಅದನ್ನು ಬಿಟ್ಟೇ ಬಿಟ್ಟಿದ್ದರು. ನಿದ್ದೆ ಬರುತ್ತಿದೆ ಎಂದು ಹೇಳುವಾಗ ಹಬ್ಬದ ಊಟದ ಸುದ್ದಿ ಹೇಳಿದಂತೆ ಹೇಳಿದರು. ಹಿತ್ತಲಿನ ಆ ಬೆಳಗುಗಳು ಇವತ್ತಿಗೂ ನನ್ನನ್ನು ಕರೆಯುತ್ತವೆ. ಅಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ!

ಶ್ರಾವಣದ ಒಂದು ಶನಿವಾರ. ಗುಡಿಯ ಮುಂದೆ ಹುಡುಗರು ಗುಂಡು ಎತ್ತುತ್ತಿದ್ದರು, ನಾನು ಕಟ್ಟೆಯ ಮೇಲೆ ತಲೆಗೆ ಪಟಗ ಸುತ್ತಿಕೊಂಡು ಕೂತಿದ್ದೆ. ವೈನಿ ಹನುಮಪ್ಪನಿಗೆ ಎಣ್ಣೆ ಹಾಕಿ ಹೊರಗೆ ಬಂದರು. ನನ್ನ ಓರಗೆಯವನೊಬ್ಬ, "ಏ ವಸ್ತಾದ, ನಿಮ್ಮ ವೈನೀನೂ ತಾಲೀಮ ಮಾಡತಾರಂತಲ್ಲ? ಹುಡುಗರನ್ನ ಬಿಟ್ಟು ಈಗ ಹೆಂಗಸರ ಕುಸ್ತಿ ಹಚ್ಚಿಯೇನು?" ಎಂದ. ಎಲ್ಲರೂ ನಕ್ಕರು. "ಜ್ವಾಳದ ಚೀಲ ಎತ್ತತಾರಂತಪಾ, ಗಿರಣಿಗೆ ಹ್ವಾದರ ಸಾಕಿತ್ತು!" ಎಂದ ಇನ್ನೊಬ್ಬ.

ನನಗೆ ರೇಗಿತು. "ಬರ್ರಿ ವೈನಿ, ಈ ಹುಡುಗರ ಗುಂಡ ಎತ್ತಿ ತೋರಸ್ರಿ ಇವರಿಗೆ" ಎಂದೆ.

ಅವರು ಹತ್ತಿರ ಬಂದು ದನಿ ತಗ್ಗಿಸಿ, "ಬ್ಯಾಡೋ. ಇವತ್ತ ಮೈ ಹಗುರ ಐತಿ. ಡಾಕ್ಟರಬಾಯಿ ಏನ ಹೇಳ್ಯಾರ ನೆನಪ ಐತಿಲ್ಲೊ?" ಎಂದರು.

"ಹಗುರ ಐತಿ ಅಂದ ಮ್ಯಾಲ ಎತ್ತಾಕೇನ್ರಿ? ನನ್ನ ಮರ್ಯಾದಿ ಪ್ರಶ್ನೆ ಐತಿ."

ಮರ್ಯಾದೆ ಎಂದ ಕೂಡಲೇ ವೈನಿ ಹಾಲಿನ ತಂಬಿಗೆ ಕೊಡುವಾಗ ನೋಡುತ್ತಿದ್ದಂತೆ ನನ್ನ ಮುಖ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲು ಮುಟ್ಟಿ ಹಣೆಗೊತ್ತಿಕೊಂಡರು. ಮೊಣಕಾಲಿಗೆ ಬಂತು, ತೊಡೆಗೆ ಬಂತು, ಎದೆಗೆ ಬಂತು. ಜನ ಎದ್ದು ನಿಂತು ಕೂಗಿದರು. "ಒಗೀರಿ! ಒಗೀರಿ!" ಎಂದರು. ನಾನೂ ಕೂಗಿದೆ. ವೈನಿ ಒಗೆಯಲಿಲ್ಲ. ಕಣ್ಣು ಮುಚ್ಚಿದರು. ಯಾರೂ ಇಳಿಸದ ಆ ಗುಂಡನ್ನು ಕೊಡದಂತೆ ಮೆಲ್ಲಗೆ, ಮೆಲ್ಲಗೆ ಇಳಿಸಿ ನೆಲಕ್ಕೆ ಮುಟ್ಟಿಸಿದರು. ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು. ಸಂಜೆಯೊಳಗೆ ಊರಿನ ಎಲ್ಲ ಫೋನಿಗೂ ಬಂತು. ನನ್ನ ಫೋನಿಗೂ.

ಮರುದಿನ ರೊಟ್ಟಿಯ ಸಪ್ಪಳ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ವೈನಿ ಹಾಸಿಗೆಯಿಂದ ಏಳಲಾರದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೊದಿಕೆಯ ಭಾರವನ್ನೂ ಮೈ ತಾಳುತ್ತಿರಲಿಲ್ಲ. ನೀರಿನ ತಂಬಿಗೆಯನ್ನೂ ಎತ್ತಲಾಗುತ್ತಿರಲಿಲ್ಲ. ವಾರ ಕಳೆಯಿತು, ಇನ್ನೊಂದು ಕಳೆಯಿತು. "ಗುಂಡ ಎತ್ತಾಕ ಶಕ್ತಿ ಐತಿ, ಹಿಟ್ಟ ನಾದಾಕ ಇಲ್ಲ. ಚಲೋ ಬ್ಯಾನಿ ಬಿಡ್ರಿ" ಎಂದಳು ನನ್ನ ಹೆಂಡತಿ. ಗುಡಿಕಟ್ಟೆಯ ಮೇಲೆ, "ಏನ ವಸ್ತಾದ, ನಿನ್ನ ಪಟ್ಟದ ಶಿಷ್ಯಾ ಮಲಗಿದ್ದ ಏಳವಲ್ಲಂತ?" ಎಂದು ಕೇಳಿದರು.

ಇದು ಯಾರ ತಪ್ಪು ಎಂಬುದು ನನಗೆ ಮೊದಲ ದಿನವೇ ಗೊತ್ತಿತ್ತು. ಡಾಕ್ಟರಬಾಯಿ ಬೇಡವೆಂದ ದಿನವೇ, ಬೇಡವೆಂದ ಭಾರವನ್ನೇ ನಾನು ಎತ್ತಿಸಿದ್ದೆ. ಹಾಗೆಂದು ಒಪ್ಪಿಕೊಂಡರೆ ವಸ್ತಾದನಿಗೆ ಮೈಯ ವಿದ್ಯೆ ಗೊತ್ತಿಲ್ಲ ಎಂದಾಗುತ್ತಿತ್ತು. ವೈನಿ ನಾಟಕ ಮಾಡುತ್ತಿದ್ದಾರೆ ಎಂದರೆ ನನ್ನ ವಿದ್ಯೆ ಉಳಿಯುತ್ತಿತ್ತು. ನಾನು ಅದನ್ನೇ ಆರಿಸಿಕೊಂಡೆ.

ಮನೆಯವರೆಲ್ಲ ಇದ್ದಾಗ ಅವರ ಹಾಸಿಗೆಯ ಹತ್ತಿರ ಹೋಗಿ, ಫೋನನ್ನು ಮುಖದ ಮುಂದೆ ಹಿಡಿದೆ. ವಿಡಿಯೊದಲ್ಲಿ ಗುಂಡು ಎದೆಗೆ ಬಂತು. ಅಲ್ಲಿಗೆ ನಿಲ್ಲಿಸಿ, "ಇದ ಯಾರ್ರಿ ವೈನಿ? ನೀವ ಅಲ್ಲೇನು? ಇಷ್ಟ ಎತ್ತಿದಾಕಿಗೆ ತಂಬಗಿ ಎತ್ತಾಕ ಆಗಂಗಿಲ್ಲ ಅಂದ್ರ ಯಾರ ನಂಬಬೇಕ್ರಿ? ನಾಟಕಕ್ಕೂ ಒಂದ ಮಿತಿ ಇರಬೇಕು" ಎಂದೆ.

ವೈನಿ ಆ ಚಿತ್ರವನ್ನು ನೋಡಿದರು. ಸಿಟ್ಟಾಗಲಿಲ್ಲ. "ಆಕೀನೂ ನಾನ ಅದೇನಿ. ಈಕೀನೂ ನಾನ ಅದೇನಿ" ಎಂದು ಮತ್ತೆ ಗೋಡೆಯ ಕಡೆ ತಿರುಗಿದರು.

ಗೋಕಾಕದಲ್ಲಿ ಒಬ್ಬರು ನಂಬಿದ್ದಕ್ಕೆ ಅತ್ತವರನ್ನು, ಊರೆಲ್ಲ ನಂಬದಂತೆ ಮಾಡಿದವನು ನಾನು. ಗುಡಿಕಟ್ಟೆಯ ಮೇಲೂ ಅದೇ ವಿಡಿಯೊ ತೋರಿಸಿ ಅದೇ ಮಾತು ಹೇಳಿದೆ. ವಸ್ತಾದನೇ ಹೇಳಿದ ಮೇಲೆ ಇನ್ನೇನು? ಅವರ ನೋವಿನ ವಿರುದ್ಧ ಆ ಗುಂಡೇ ಸಾಕ್ಷಿಯಾಯಿತು.

ವೈನಿಯ ಮಗಳನ್ನು ವೈನಿಯ ತವರಾದ ಹುಕ್ಕೇರಿಗೇ ಮದುವೆ ಮಾಡಿ ಕೊಟ್ಟಿದ್ದೆವು. ಆಕೆ ಬಂದಳು, ತಾಯಿಯನ್ನು ನೋಡಿದಳು, ಗಾಡಿ ತರಿಸಿದಳು. ಹೊರಡುವಾಗ ವೈನಿ ಕೇಳಿ ತೆಗೆಸಿಕೊಂಡದ್ದು ಆ ಎರಡು ಜೋಳದ ಚೀಲ ಮಾತ್ರ. ನಾನು ಹೊಲದಲ್ಲಿ ಕೆಲಸವಿದೆಯೆಂದು ಹೋಗಿದ್ದೆ. ಗಾಡಿ ರಸ್ತೆಯ ತಿರುವು ದಾಟುವುದನ್ನು ಕಬ್ಬಿನ ಮರೆಯಲ್ಲಿ ನಿಂತು ನೋಡಿದೆ.

ಆಮೇಲೆ ಅಲ್ಲಿಂದ ಸುದ್ದಿ ಬರುತ್ತಿತ್ತು. ಚೀಲಗಳನ್ನು ಪೂರ್ತಿ ಬರಿದು ಮಾಡಿ ಒಂದೇ ಹಿಡಿಯಿಂದ ಮತ್ತೆ ಶುರು ಮಾಡಿದ್ದಾರೆ, ವ್ಯಾಯಾಮ ಹೇಳಿಕೊಡುವ ಒಬ್ಬ ಹುಡುಗಿ ಸಿಕ್ಕಿದ್ದಾಳೆ, ಓಣಿಯ ಇನ್ನಿಬ್ಬರು ಹೆಂಗಸರೂ ಜೊತೆಗೆ ಸೇರಿದ್ದಾರೆ ಎಂದು. ಎರಡು ಮಳೆಗಾಲ ಕಳೆದ ಮೇಲೆ ಧೈರ್ಯ ಮಾಡಿ ಹೋದೆ. ತಪ್ಪಾಯಿತು ಎನ್ನಲೆಂದೇ ಹೋದೆ. ಬಸ್ಸಿನಲ್ಲಿ ಮಾತನ್ನು ಜೋಡಿಸಿಕೊಂಡೇ ಇದ್ದೆ.

ವೈನಿ ಬಾಗಿಲಲ್ಲಿ ಕೊಡ ಇಳಿಸುತ್ತಿದ್ದರು. ಕಣ್ಣು ಮುಚ್ಚಿತ್ತು. ತೆರೆದಾಗ ಎದುರಿಗೆ ನಾನು.

"ಏ ಪೈಲ್ವಾನಾ! ಎಷ್ಟ ಬಡಕಲಾಗೀಯೋ? ಹಾಲ ಕೊಡಾವ್ರ ಯಾರೂ ಇಲ್ಲೇನು?"

ನೋವು ಹೋಯಿತೇ ಎಂದು ಕೇಳಿದೆ. "ಹೋಗಿಲ್ಲೋ, ಐತಿ. ಅದೂ ಮನಿಯಾಗ ಇರತೈತಿ, ನಾನೂ ಇರತೇನಿ. ನಾ ಅದಕ್ಕಿಂತ ಒಂದ ಹಿಡಿ ಜಾಸ್ತಿ ಗಟ್ಟಿ ಆಗೇನಿ, ಅಷ್ಟ" ಎಂದರು. ಚಹಾ ಕೊಟ್ಟರು. ನಮ್ಮ ಎಮ್ಮೆಯ ಬಗ್ಗೆ, ನುಗ್ಗೆಗಿಡದ ಬಗ್ಗೆ, ನನ್ನ ಹೆಂಡತಿಯ ಮೊಣಕಾಲಿನ ಬಗ್ಗೆ ಕೇಳಿದರು. ಮಾತು ನಿಂತಾಗಲೆಲ್ಲ ನನ್ನ ಮುಖ ನೋಡಿ ಕಾಯುತ್ತಿದ್ದರು. ಈಗ ಹೇಳಬೇಕು ಎಂದುಕೊಂಡಾಗಲೆಲ್ಲ ನಾನು ಬಟ್ಟಲು ತುಟಿಗಿಟ್ಟೆ. ಬಟ್ಟಲು ಬರಿದಾಗಿ ಬಹಳ ಹೊತ್ತಾಗಿತ್ತು. ಕೊನೆಗೆ, "ಬಸ್ಸಿನ ಹೊತ್ತಾತು, ಬರತೇನ್ರಿ ವೈನಿ" ಎಂದು ಎದ್ದೆ.

"ಮತ್ತ ಬಾ" ಎಂದರು. "ತಡಾ ಮಾಡಬ್ಯಾಡ."

ತಡ ಮಾಡಿದೆ. ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಅವರು ನಿದ್ದೆಯಿಂದ ಏಳಲಿಲ್ಲ. ಎದೆಬಡಿತ ನಿಂತಿತ್ತು ಎಂದರು. ಮಣ್ಣು ಕೊಡಲು ಹೋದೆ. ನಾನು ಮೂಲೆಯಲ್ಲಿ ಕೂತಿದ್ದಾಗ ವೈನಿಯ ಮಗಳು ನೀರು ತಂದುಕೊಟ್ಟು, "ಕಾಕಾ, ಅವ್ವ ನಿಮ್ಮ ಮ್ಯಾಲ ಒಂದ ದಿನಾ ಒಂದ ಕೆಟ್ಟ ಮಾತ ಆಡಲಿಲ್ಲ. ಅದಕ್ಕ ನನಗ ಭಾಳ ಸಿಟ್ಟ ಐತಿ" ಎಂದಳು. ನೀರು ಕುಡಿದೆ. ಅವಳ ಸಿಟ್ಟು ನನಗೆ ಆ ದಿನ ಒಂದು ಬಗೆಯ ಆಸರೆಯಾಗಿತ್ತು; ಒಬ್ಬರಾದರೂ ಲೆಕ್ಕ ಮರೆತಿರಲಿಲ್ಲ.

ಊರಿಗೆ ಬಂದು ಗುಡಿಕಟ್ಟೆಯ ಮೇಲೆ ಎಲ್ಲರೆದುರು ಹೇಳಿದೆ: "ನಮ್ಮ ವೈನಿ ನಾಟಕ ಮಾಡಿದ್ದಿಲ್ಲ. ನೋವ ಖರೇನ ಇತ್ತು. ಬ್ಯಾಡಂದ್ರೂ ಗುಂಡ ಎತ್ತಿಸಿದಾಂವ ನಾನು." ಓರಗೆಯವನು ಎಲೆಗೆ ಸುಣ್ಣ ಸವರುತ್ತ, "ಆತ ಬಿಡೋ ವಸ್ತಾದ, ಹ್ವಾದ ಮಾತ. ಈಗ್ಯಾಕ?" ಎಂದ. ನಾನು ಸುಳ್ಳು ಹೇಳಿದಾಗ ಊರೆಲ್ಲ ಕಿವಿಗೊಟ್ಟಿತ್ತು. ಖರೆ ಹೇಳಿದಾಗ ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದವರು ಒಬ್ಬರೇ.

ಈಗ ಅವರು ಕೈಕಾಲು ಆಡಿಸುವುದನ್ನು ನೋಡಬೇಕೆಂದರೆ ನನ್ನ ಬಳಿ ಆ ವಿಡಿಯೊ ಒಂದೇ ಇದೆ. ಅದನ್ನು ಎಷ್ಟೋ ಜನರಿಗೆ ತೋರಿಸಿದ್ದೆ. ಪ್ರತಿ ಸಲವೂ ಗುಂಡು ಎದೆಗೆ ಬಂದ ಕೂಡಲೇ ನಿಲ್ಲಿಸುತ್ತಿದ್ದೆ, ನನಗೆ ಬೇಕಾದದ್ದು ಅಷ್ಟೇ ಇತ್ತು. ಅವರು ಹೋದ ಮೇಲೆ ಒಂದು ಮಧ್ಯಾಹ್ನ ನುಗ್ಗೆಗಿಡದ ಕೆಳಗೆ ಕೂತು, ನಿಲ್ಲಿಸದೆ ಬಿಟ್ಟೆ.

ಗುಂಡು ಇಳಿಯುತ್ತದೆ. ನೆಲ ಮುಟ್ಟುತ್ತದೆ. ವೈನಿ ಕಣ್ಣು ತೆರೆಯುತ್ತಾರೆ. ಸೀಟಿ ಹೊಡೆಯುವ ಜನರ ಕಡೆ ನೋಡುವುದಿಲ್ಲ, ನನ್ನ ಕಡೆ ನೋಡುತ್ತಾರೆ. ನಾನು ಅವರಿಗೆ ಬೆನ್ನು ಮಾಡಿ, ಯಾರದೋ ಕೈ ಕುಲುಕುತ್ತ ನಗುತ್ತಿದ್ದೇನೆ. ಒಂದು ಕೈಯನ್ನು ಸೊಂಟಕ್ಕೆ ಒತ್ತಿಕೊಂಡು, ಆ ಗದ್ದಲದಲ್ಲಿ ನನ್ನ ಬೆನ್ನಿಗೆ ಕೇಳುತ್ತಾರೆ: "ಪೈಲ್ವಾನಾ, ಸಾಕಾತೇನೋ?"

ಅಲ್ಲಿ ನಾನು ತಿರುಗುವುದಿಲ್ಲ. ಎಷ್ಟು ಸಲ ನೋಡಿದರೂ ತಿರುಗುವುದಿಲ್ಲ.

ಸಾಕಾತ್ರಿ. ನಂದ ತಪ್ಪಾತ್ರಿ, ವೈನಿ.